ಗೋಡೆಯ ಉಸಿರು

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಗೋಡೆ ಉಸಿರಾಡಲು ತೊಡಗುತ್ತಿತ್ತು.

ಒಂದು ದಿನ ಐದು ನಿಮಿಷ ಮುಂಚೆ, ಇನ್ನೊಂದು ದಿನ ಕಾಲು ಗಂಟೆ ತಡ. ಆದರೆ ತಪ್ಪಿದ್ದಿಲ್ಲ. ಮೊದಲು ಯಾರೋ ಗಂಟಲು ಸರಿಮಾಡಿಕೊಂಡಂತೆ ಒಂದು ಸಣ್ಣ ಕಿರುಗುಟ್ಟು. ಬಳಿಕ ಎರಡು ಗಿಡ್ಡ ಉಸಿರು, ಒಂದು ನೀಳ ಉಸಿರು. ನಡುವೆ ಒಂದು ವಿರಾಮ. ಆ ವಿರಾಮದಲ್ಲಿ ಮಂಚದ ಮೇಲೆ ಕುಳಿತ ಹೈಮಾವತಮ್ಮ ತಮ್ಮ ಉಸಿರನ್ನೂ ಹಿಡಿದುಕೊಳ್ಳುತ್ತಿದ್ದರು. ಮೂವತ್ತೆಂಟು ವರ್ಷ ಪಕ್ಕದಲ್ಲಿ ಮಲಗಿ ಕೇಳಿದ ಉಸಿರು ಅದು. ಎರಡು ಗಿಡ್ಡ, ಒಂದು ನೀಳ. ಗೂರಲಿನ ಮನುಷ್ಯನ ಉಸಿರು. ಅವರ ಯಜಮಾನರಾದ ಅಣ್ಣಪ್ಪನವರ ಉಸಿರು.

ಅಣ್ಣಪ್ಪನವರು ತೀರಿಕೊಂಡು ಎರಡು ವರ್ಷವಾಗಿತ್ತು.

ಅದು 2007ರ ಬೇಸಿಗೆ. ಹೈಮಾವತಮ್ಮನ ಮಗ ಅಶೋಕ ಬ್ಯಾಂಕ್ ಅಧಿಕಾರಿ. ಚಿತ್ರದುರ್ಗದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು, ಊರಂಚಿನ ಪೆಂಡುರ್ತಿಯಲ್ಲಿ ಒಂದು ಮನೆಯ ಕೆಳಗಿನ ಭಾಗವನ್ನು ಬಾಡಿಗೆಗೆ ಹಿಡಿದಿದ್ದ. ಅವನು, ಹೆಂಡತಿ ಸುಲೋಚನಾ, ತಾಯಿ: ಮನೆಯಲ್ಲಿ ಮೂರೇ ಜನ. ಜನವರಿಯಲ್ಲಿ ಮನೆಗೆ ಬಂದ ದಿನವೇ ಅಣ್ಣಪ್ಪನವರ ಫೋಟೊವನ್ನು ತಾಯಿಯ ಕೋಣೆಯ ದಕ್ಷಿಣದ ಗೋಡೆಗೆ ತೂಗುಹಾಕಿದ್ದರು. ಗತಿಸಿದವರ ಫೋಟೊ ದಕ್ಷಿಣದ ಗೋಡೆಗೇ ಇರಬೇಕೆಂಬುದು ಅವರ ಮನೆಯ ರೂಢಿ. ಮೊಳೆ ಒಂದೇ ಪೆಟ್ಟಿಗೆ ಒಳಗೆ ಹೋಯಿತು. “ಏನಮ್ಮ ಇದು, ಗೋಡೆ ಬೆಣ್ಣೆ ಹಾಗಿದೆ!” ಎಂದು ಅಶೋಕ ನಕ್ಕಿದ್ದ. ಆ ಮಾತನ್ನು ಆಮೇಲೆ ಎಲ್ಲರೂ ಮರೆತರು.

ಆಗ ಯಾವ ಸದ್ದೂ ಇರಲಿಲ್ಲ. ಏಪ್ರಿಲ್ ಹೊತ್ತಿಗೆ ಸೆಕೆ ಮೈಗೆ ಅಂಟಿಕೊಂಡಿತು. ಒಣಹಾಕಿದ ಬಟ್ಟೆ ಸಂಜೆಯಾದರೂ ಒದ್ದೆ ಒದ್ದೆಯಾಗಿಯೇ ಇರುವಂಥ ಸೆಕೆ. ತಾಯಿ ಒದ್ದಾಡುವುದನ್ನು ನೋಡಲಾರದೆ ಅಶೋಕ ಅವರ ಕೋಣೆಯ ಒಂದು ಕಿಟಕಿಗೆ ಎ.ಸಿ. ಕೂರಿಸಿದ. ಉಳಿದ ಕಿಟಕಿ ಮುಚ್ಚಿತು. ಮಾರನೆಯ ಮಧ್ಯಾಹ್ನವೇ ಗೋಡೆ ಉಸಿರಾಡಿತು.

ಬರೀ ಸದ್ದಾಗಿದ್ದರೆ ಹೈಮಾವತಮ್ಮ ಕಿವಿಯ ದೋಷವೆಂದು ಸುಮ್ಮನಾಗುತ್ತಿದ್ದರು. ಆದರೆ ಫ್ಯಾನು ತಿರುಗದಿದ್ದರೂ ಫೋಟೊದ ಗಂಧದ ಹಾರ ಅಲುಗುತ್ತಿತ್ತು. ಬೆಳಿಗ್ಗೆ ಎ.ಸಿ. ಹಾಕುವ ಮುನ್ನ ಫೋಟೊದ ಮುಂದೆ ಹಚ್ಚಿದ ಊದುಬತ್ತಿಯ ಹೊಗೆ ನೂಲಿನಂತೆ ನೆಟ್ಟಗೆ ಏರುತ್ತಿತ್ತು. ಮಧ್ಯಾಹ್ನ ಹಚ್ಚಿದರೆ ಅದೇ ಹೊಗೆ ಬಾಗಿ, ಬಳುಕಿ, ಮಂಚದ ಕಡೆಗೆ, ಅವರ ಮುಖದ ಕಡೆಗೆ ಬರುತ್ತಿತ್ತು. ಯಾರೋ ಮೆಲ್ಲಗೆ ಊದಿ ಕಳಿಸಿದ ಹಾಗೆ. ಎಲ್ಲಕ್ಕಿಂತ ಮಿಗಿಲಾಗಿ ಫೋಟೊದ ಗಾಜು. ಮೂರು ಗಂಟೆಯ ಹೊತ್ತಿಗೆ ಅಣ್ಣಪ್ಪನವರ ಮೀಸೆಯ ಕೆಳಗೆ, ಸರಿಯಾಗಿ ಬಾಯಿಯ ಹತ್ತಿರ, ಗಾಜು ಮಂಜಾಗುತ್ತಿತ್ತು. ಒಂದು ದಿನ ಹೈಮಾವತಮ್ಮ ಬೆರಳಿಟ್ಟು ನೋಡಿದರು. ಬೆರಳು ಒದ್ದೆಯಾಯಿತು.

ಅವರು ಹೆದರಲಿಲ್ಲ. ಫೋಟೊದ ಸುತ್ತ ಗೋಡೆಯ ಮೇಲೆ ಮೂಡುತ್ತಿದ್ದ ಮಸಿಯಂಥ ಕಪ್ಪು ಗೆರೆಯನ್ನು ದಿನಾ ಬೆಳಿಗ್ಗೆ ಒರೆಸಿದರು. ದಿನಾ ಮಧ್ಯಾಹ್ನ ಊಟ ಬೇಗ ಮುಗಿಸಿ ಬಾಗಿಲು ಹಾಕಿಕೊಂಡು ಕುಳಿತರು.

ಒಮ್ಮೆ ಸುಲೋಚನಾ ಒಳಗೆ ಬಂದಳು.

“ಅತ್ತೆ, ಎ.ಸಿ. ಒಂದು ಗಳಿಗೆ ಆರಿಸ್ತೀನಿ. ಬೆಳಿಗ್ಗೆಯಿಂದ ಓಡ್ತಾನೇ ಇದೆ. ಕೋಣೆನೂ ತಣ್ಣಗಾಗಿಲ್ಲ ನೋಡಿ. ಕಿಟಕಿ ತೆಗೆದ್ರೆ ಚೂರು ಗಾಳಿನಾದ್ರೂ ಆಡುತ್ತೆ.”

“ಬೇಡ!” ಹೈಮಾವತಮ್ಮ ದಡಕ್ಕನೆ ಎದ್ದು ಕಿಟಕಿಗೆ ಅಡ್ಡ ನಿಂತರು. “ಕಿಟಕಿ ತೆಗೀಬೇಡ ಕಣೇ. ತೆಗೆದ್ರೆ ಅವರು ಹೊರಟುಹೋಗ್ತಾರೆ.”

“ಯಾರು ಅತ್ತೆ?”

ಹೈಮಾವತಮ್ಮ ದಕ್ಷಿಣದ ಗೋಡೆಯ ಕಡೆ ನೋಡಿದರು. ಗೋಡೆ ಮಾತಾಡಿತು. ಎರಡು ಗಿಡ್ಡ, ಒಂದು ನೀಳ. ಸುಲೋಚನಾ ಕಾಫಿ ಲೋಟವನ್ನು ಅಲ್ಲೇ ಇಟ್ಟು ಹೊರಗೆ ನಡೆದಳು.

ಕಿಟಕಿ ತೆಗೆದರೆ ಉಸಿರು ನಿಂತುಹೋಗುತ್ತದೆಂದು ಹೈಮಾವತಮ್ಮ ಒಂದು ಸಲ ತೆಗೆದು ನೋಡಿ ಖಚಿತಪಡಿಸಿಕೊಂಡಿದ್ದರು. ಅಂದಿನಿಂದ ಆ ಕೋಣೆಯ ಎ.ಸಿ. ಬೆಳಗಿನಿಂದ ಸಂಜೆಯವರೆಗೆ ನಿಂತದ್ದಿಲ್ಲ. ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಕರೆಂಟಿನ ಮೀಟರಿನ ಚಕ್ರ ಏನೋ ತರಾತುರಿಯಲ್ಲಿರುವಂತೆ ತಿರುಗುತ್ತಿತ್ತು. ಆ ತಿಂಗಳು ಐನೂರ ನಲವತ್ತು ಯೂನಿಟ್ಟು ಎಂದು ಬರೆದ ಮೀಟರ್ ರೀಡರ್, ತನ್ನ ಕಣ್ಣನ್ನೇ ನಂಬದೆ ಇನ್ನೊಮ್ಮೆ ಬಗ್ಗಿ ನೋಡಿದ. ಪಕ್ಕದ ಭಾಗದಲ್ಲಿದ್ದ ಮನೆಯ ಒಡತಿ ರಾಜ್ಯಲಕ್ಷ್ಮಿಯವರಿಗೂ ಎ.ಸಿ. ಇತ್ತು. ಅವರದು ಇನ್ನೂರ ಅರವತ್ತು.

ಮೇ ತಿಂಗಳ ಎರಡನೆಯ ವಾರ ಅಶೋಕನಿಗೆ ವಿಜಯವಾಡಕ್ಕೆ ವರ್ಗವಾಯಿತು. ಜೂನ್ ಕೊನೆಗೆ ಅಲ್ಲಿ ಹಾಜರಾಗಬೇಕು. ಅಲ್ಲಿನ ಪಟಮಟ ಬಡಾವಣೆಯಲ್ಲಿ ಮನೆಯೂ ಗೊತ್ತಾಯಿತು. ಊಟಕ್ಕೆ ಕುಳಿತಾಗ ಅವನು ಅದನ್ನು ಹೇಳಿದ.

“ನೀವು ಹೋಗಿ ಬನ್ನಿ,” ಎಂದರು ಹೈಮಾವತಮ್ಮ, ಮಜ್ಜಿಗೆ ಬಡಿಸುತ್ತ.

“ಹೋಗಿ ಬರೋದಲ್ಲಮ್ಮ, ಎಲ್ಲರೂ ಹೋಗೋದು. ಮನೆ ಖಾಲಿ ಮಾಡ್ತಿದ್ದೀವಿ.”

“ನಾನು ಬರಲ್ಲ, ಅಶೋಕ. ನಿಮ್ಮಪ್ಪನ್ನ ಇಲ್ಲಿ ಒಬ್ಬರನ್ನೇ ಬಿಟ್ಟು ಬರಲ್ಲ. ಅವತ್ತು ಆಸ್ಪತ್ರೇಲಿ ನಾನು ಔಷಧಿ ತರೋಕೆ ಹೋದ ಐದು ನಿಮಿಷದಲ್ಲೇ ಅವರು ಹೋಗಿಬಿಟ್ಟರು. ಕೊನೆ ಉಸಿರು ನನಗೆ ಕೇಳಿಸಲೇ ಇಲ್ಲ. ಈಗ ಕೇಳಿಸ್ತಾ ಇದೆ. ಈಗ ಎದ್ದು ಹೋಗು ಅಂತೀಯಾ?”

ಅಶೋಕ ಕೈ ತೊಳೆಯಲು ಎದ್ದವನು ಬಹಳ ಹೊತ್ತು ನಲ್ಲಿಯ ಮುಂದೆಯೇ ನಿಂತಿದ್ದ. ತಾಯಿಯನ್ನು ಹೊತ್ತೊಯ್ಯಲು ಆಗದು, ಬಿಟ್ಟುಹೋಗಲೂ ಆಗದು.

ವಿಷಯ ಒಡತಿಯ ಕಿವಿಗೂ ಬಿತ್ತು. ರಾಜ್ಯಲಕ್ಷ್ಮಿಯವರ ಯಜಮಾನರು ಹಿಂದೆ ಬಳ್ಳಾರಿಯಲ್ಲಿ ಕೆಲಸಕ್ಕಿದ್ದುದರಿಂದ ಅವರಿಗೆ ತೆಲುಗು ಬೆರೆತ ಒಂದು ಬಗೆಯ ಕನ್ನಡ ಬರುತ್ತಿತ್ತು. ಅವರು ಕೋಣೆಯ ಹೊಸ್ತಿಲಲ್ಲೇ ನಿಂತರು.

“ನಾನು ಒಳಗೆ ಬರೋದಿಲ್ಲಂಡಿ ಅಮ್ಮಗಾರು. ಇಲ್ಲಿಗೇ ಕೇಳಿಸ್ತಾ ಇದೆ. ಅಯ್ಯೋ ರಾಮ! ಒಂದು ಬೂದುಗುಂಬಳಕಾಯಿ ಕಟ್ಟಿಸೋಣ, ಪೂಜಾರಿಗಾರನ್ನ ಕರೆಸೋಣ.”

ಹೇಳುತ್ತ ಹೇಳುತ್ತ ಅವರ ಕಣ್ಣು ಒಮ್ಮೆ ದಕ್ಷಿಣದ ಗೋಡೆಯ ಮೇಲೆ ಹರಿದು, ಸುಟ್ಟಂತಾಗಿ ಹಿಂದಕ್ಕೆ ಬಂತು. ಸುಲೋಚನಾ ಅದನ್ನು ಗಮನಿಸಿದಳು. ಮಾರನೆಯ ದಿನ ಭಾನುವಾರ. ಅವಳು ಮಹಡಿ ಹತ್ತಿ ಶ್ರೀರಕ್ಷಾಳನ್ನು ಕರೆತಂದಳು.

ಶ್ರೀರಕ್ಷಾ ಹಾಸನದ ಹುಡುಗಿ, ಇಪ್ಪತ್ನಾಲ್ಕರ ವಯಸ್ಸು, ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದಳು. ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ. ಮಾತ್ರೆ ತಯಾರಾಗುವ ಕೋಣೆಗಳಿಗೆ ಹೊರಗಿನ ಧೂಳು ನುಗ್ಗಬಾರದು; ಆದ್ದರಿಂದ ಅಲ್ಲಿ ಹೊಗೆ ಬಿಟ್ಟು, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನೋಡಿ ಬರೆದಿಡುವುದು ಅವಳ ನಿತ್ಯದ ಕಾಯಕ. ಕನ್ನಡ ಕೇಳುವ ಆಸೆಗೆ ಹೈಮಾವತಮ್ಮ ಅವಳನ್ನು ಬಹಳ ಹಚ್ಚಿಕೊಂಡಿದ್ದರು.

“ಏನೇ ಹಾಸನದವಳೇ, ಇವತ್ತೂ ಬ್ರೆಡ್ಡೇನಾ?”

“ಬ್ರೆಡ್ಡು ಮುಗಿದು ಬಿಸ್ಕತ್ತಿಗೆ ಇಳಿದಿದ್ದೀನಿ ಅಜ್ಜಿ.”

“ಹಾಳಾಗಿ ಹೋಗು. ಅಡುಗೆಮನೇಲಿ ಚಿತ್ರಾನ್ನ ಇದೆ, ತಿನ್ನು ಮೊದಲು.”

“ತಿಂತೀನಿ. ಆದ್ರೆ ಎರಡು ಗಂಟೆಗೆ ನಿಮ್ಮ ಜೊತೆ ಇಲ್ಲಿ ಕೂರ್ಲಾ? ನಾನೂ ಕೇಳಬೇಕು.”

ಹೈಮಾವತಮ್ಮ ಅವಳ ಮುಖವನ್ನೇ ನೋಡಿದರು. ಅಲ್ಲಿ ನಗೆಯಿರಲಿಲ್ಲ. ಸರಿದು ಜಾಗ ಬಿಟ್ಟರು.

ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಆಮೇಲೆ ಉಸಿರು. ಹಾರ ಅಲುಗಿತು. ಶ್ರೀರಕ್ಷಾ ಗಡಿಯಾರ ನೋಡಿದಳು, ಫೋಟೊ ನೋಡಿದಳು. ಬಾಗಿಲ ಬಳಿ ನಿಂತ ಸುಲೋಚನಾ ಮತ್ತು ಅಶೋಕ ಮಿಸುಕಲಿಲ್ಲ. ಹಾಡಹಗಲಿನ ಬೆಳಕಿನಲ್ಲಿ, ನಾಲ್ಕು ಜನರ ನಡುವೆ, ಐದನೆಯವರೊಬ್ಬರು ಉಸಿರಾಡುತ್ತಿದ್ದರು.

“ಅಜ್ಜಿ, ತಾತನ ಮುಂದೆ ಹಚ್ಚೋ ಊದುಬತ್ತೀನ ನೀವೇ ಹಚ್ಚಿ,” ಎಂದಳು ಶ್ರೀರಕ್ಷಾ. “ಎ.ಸಿ. ಮಾತ್ರ ಐದು ನಿಮಿಷ ಆರಿಸೋಣ. ಕಿಟಕಿ ತೆಗೆಯೋದಿಲ್ಲ. ಮಾತು ಕೊಡ್ತೀನಿ.”

ಎ.ಸಿ. ನಿಂತಿತು. ಉಸಿರು ಇನ್ನೂ ಸ್ಪಷ್ಟವಾಯಿತು. ಹೈಮಾವತಮ್ಮ ಊದುಬತ್ತಿಯನ್ನು ಫೋಟೊದ ಮುಂದೆ ಹಿಡಿದರು. ಹೊಗೆ ಎಂದಿನಂತೆ ಬಾಗಿ ಅವರ ಕಡೆಗೆ ಬಂತು.

“ನೋಡಿದ್ಯಾ?”

“ನೋಡಿದೆ. ಈಗ ಹಾಗೇ ಕೋಣೆ ಬಾಗಿಲ ಹತ್ತಿರ ಬನ್ನಿ. ಕೆಳಗೆ, ನೆಲದ ಹತ್ತಿರ ಹಿಡೀರಿ.”

ಬಾಗಿಲು ಮುಚ್ಚಿತ್ತು. ಕೆಳಗೆ ಬೆರಳು ತೂರುವಷ್ಟು ಸಂದು. ಹೈಮಾವತಮ್ಮ ಬಾಗಿ ಹಿಡಿದ ಊದುಬತ್ತಿಯ ಹೊಗೆ ಸರ್ರನೆ ನೆಲಕ್ಕೆ ಜಾರಿ, ಸಂದಿನೊಳಗೆ ನುಸುಳಿ, ಆಚೆಗೆ ಹೊರಟುಹೋಯಿತು. ಎ.ಸಿ.ಯ ಪಕ್ಕದಲ್ಲಿ ಥರ್ಮೋಕೋಲಿನ ಚೂರು ತುರುಕಿದ್ದ ಕಡೆ ಹಿಡಿದಾಗ ಹೊಗೆ ಸುಳಿಸುತ್ತಿ ಒಡೆಯಿತು. ಮುಚ್ಚಿದ ಕಿಟಕಿಯ ಎರಡು ರೆಕ್ಕೆ ಕೂಡುವ ಗೆರೆಯಲ್ಲೂ ಅದೇ. ಉತ್ತರದ ಗೋಡೆಯ ಮುಂದೆ ಮಾತ್ರ ಅಲುಗದೆ ನೆಟ್ಟಗೆ ನಿಂತಿತು.

ಹೈಮಾವತಮ್ಮ ಊದುಬತ್ತಿಯನ್ನು ನೋಡುತ್ತ ನಿಂತರು. ಅವರ ದನಿ ಇಳಿದಿತ್ತು.

“ಬಾಗಿಲ ಸಂದೀಲೂ ಅವರಿದ್ದಾರಾ?”

“ಅಲ್ಲಿರೋದು ಗಾಳಿ ಅಜ್ಜಿ. ಈ ಕಡೆ ನುಗ್ಗುತ್ತೆ, ಆ ಕಡೆ ಹೊರಗೆ ಹೋಗುತ್ತೆ. ಎರಡು ದಾರಿ ಇದ್ದಾಗ ಅದು ನಡೆದಾಡುತ್ತೆ.” ಶ್ರೀರಕ್ಷಾ ಅವಸರ ಮಾಡಲಿಲ್ಲ. “ಕಿಟಕಿ ತೆಗೆದಿದ್ದಾಗ ಅದಕ್ಕೆ ದೊಡ್ಡ ದಾರಿ. ಸದ್ದಿಲ್ಲದೆ ಬಂದು ಹೋಗುತ್ತೆ. ಕಿಟಕಿ ಮುಚ್ಚಿದರೆ ಸಣ್ಣ ಸಂದಿನಲ್ಲಿ ತೂರಬೇಕು. ಆಗ ಕೂಗುತ್ತೆ.”

“ಹಾಗಾದ್ರೆ ದಿನಾ ಅದೇ ಹೊತ್ತಿಗೆ ಯಾಕೆ ಬರುತ್ತೆ? ಅವರು ಮಲಗ್ತಾ ಇದ್ದ ಹೊತ್ತಿಗೇ?”

“ಬಿಸಿಲಿಗೆ ನೆಲ ಬೇಗ ಕಾಯುತ್ತೆ, ಸಮುದ್ರ ನಿಧಾನ. ನೆಲದ ಮೇಲಿನ ಬಿಸಿ ಗಾಳಿ ಮೇಲಕ್ಕೆದ್ದಾಗ ಸಮುದ್ರದ ಕಡೆಯಿಂದ ಗಾಳಿ ಹೊರಡುತ್ತೆ. ಅದು ಪೆಂಡುರ್ತಿ ತಲುಪೋಷ್ಟರಲ್ಲಿ ಎರಡು ಗಂಟೆ. ಸಂಜೆ ಆರಕ್ಕೆ ಸದ್ದು ಕಮ್ಮಿಯಾಗುತ್ತೆ ಅಲ್ವಾ?”

ಆಗುತ್ತಿತ್ತು. ಹೈಮಾವತಮ್ಮ ಒಪ್ಪಿಕೊಳ್ಳಲಿಲ್ಲ. “ಗಾಜು? ಗಾಜಿನ ಮೇಲೆ ಬಾಯಿಯ ಆವಿ ಕೂರುತ್ತಲ್ಲ, ಅದು?”

“ತಣ್ಣೀರು ತುಂಬಿದ ಲೋಟದ ಹೊರಗೆ ಹನಿ ಕೂರೋದಿಲ್ವಾ? ಎ.ಸಿ.ಯ ತಂಪು ಆ ಗಾಜಿಗೆ ತಾಗ್ತಾ ಇದೆ, ಗಾಜು ತಣ್ಣಗಿದೆ. ಹಿಂದಿನಿಂದ ಬರೋ ಗಾಳಿ ಬಿಸಿ, ಅದರಲ್ಲಿ ನೀರಿನ ಅಂಶ ಜಾಸ್ತಿ. ಎರಡೂ ಸೇರಿದ ಕಡೆ ಹನಿ.”

“ಹಿಂದಿನಿಂದ ಅಂದ್ರೆ?” ಅಶೋಕ ಕೇಳಿದ. “ಹಿಂದೆ ಗೋಡೆ ಇದೆಯಲ್ಲ, ಶ್ರೀರಕ್ಷಾ.”

ಶ್ರೀರಕ್ಷಾ ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತ ಬಂದಳು. ದಪ್, ದಪ್, ದಪ್. ಫೋಟೊದಿಂದ ಒಂದು ಗೇಣು ಈಚೆಗೆ ಸದ್ದು ಬದಲಾಯಿತು. ಟೊಳ್ಳು. ಸುಲೋಚನಾ ತನಗೆ ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಳು. ಶ್ರೀರಕ್ಷಾ ಪರದೆ ಎಳೆದು ಕೋಣೆಯನ್ನು ಮಬ್ಬಾಗಿಸಿ, ಟಾರ್ಚನ್ನು ಗೋಡೆಗೆ ಒರಗಿಸಿ ಓರೆಯಾಗಿ ಬೆಳಕು ಬಿಟ್ಟಳು.

ಹಳದಿ ಬಣ್ಣದ ಅಡಿಯಿಂದ ಗೆರೆಗಳು ಎದ್ದು ಬಂದವು. ನೆಲದಿಂದ ನೆಟ್ಟಗೆ ಮೇಲಕ್ಕೆ ಒಂದು. ಮೂರಡಿ ಆಚೆ ಇನ್ನೊಂದು. ಎರಡನ್ನೂ ಮೇಲೆ ಕೂಡಿಸುವ ಅಡ್ಡಗೆರೆ. ಒಂದು ಬಾಗಿಲು. ಆ ಬಾಗಿಲ ನಟ್ಟನಡುವೆ, ನಿಂತ ಮನುಷ್ಯನ ತಲೆ ಇರುವಷ್ಟೇ ಎತ್ತರದಲ್ಲಿ, ಅಣ್ಣಪ್ಪನವರ ಮುಖ.

ಆ ಮುಚ್ಚಿದ ಬಾಗಿಲಲ್ಲಿ ನಿಂತಂತಿದ್ದ ಅಣ್ಣಪ್ಪನವರು ಉಸಿರು ಬಿಟ್ಟರು: ಎರಡು ಗಿಡ್ಡ, ಒಂದು ನೀಳ.

ಅಶೋಕ ಹೋಗಿ ರಾಜ್ಯಲಕ್ಷ್ಮಿಯವರನ್ನು ಕರೆತಂದ. ಅವರು ಈ ಸಲವೂ ಹೊಸ್ತಿಲು ದಾಟಲಿಲ್ಲ.

“ಅಲ್ಲೊಂದು ಬಾಗಿಲು ಇತ್ತಂಡಿ,” ಎಂದರು ಸೆರಗಿನ ತುದಿ ಹಿಂಡುತ್ತ. “ನೈಋತ್ಯಕ್ಕೆ ಬಾಗಿಲು ಕೂಡದು ಅಂತ ವಾಸ್ತು ನೋಡೋರು ಹೇಳಿದ್ರು. ಮೂರು ವರ್ಷ ಆಯ್ತು. ಬಾಗಿಲು ಕಿತ್ತು, ಒಳಗೆ ಪ್ಲೈವುಡ್ ಹೊಡೆಸಿ ಬಣ್ಣ ಬಳಿಸಿದ್ವಿ. ಹೊರಗೆ ತಗಡು. ಇಲ್ಲಿಯ ಜನ ಮನೆ ನೋಡೋಕೆ ಬಂದ್ರೆ ಮೊದಲು ಕೇಳೋದೇ ಬಾಗಿಲು ಯಾವ ದಿಕ್ಕು ಅಂತ. ನೈಋತ್ಯದಲ್ಲಿ ಬಾಗಿಲು ಇತ್ತು ಅಂದ್ರೆ ಯಾರು ಬರ್ತಾರೆ? ಅದಕ್ಕೇ ಹೇಳಿಲ್ಲ. ಮುಚ್ಚಿದ್ದೀವಲ್ಲ ಅಂತ ಅಂದುಕೊಂಡೆ.”

“ದಿಕ್ಕಿಗೆ ಮುಚ್ಚಿದ್ದೀರಿ ಆಂಟಿ, ಗಾಳಿಗೆ ಮುಚ್ಚಿಲ್ಲ,” ಎಂದಳು ಶ್ರೀರಕ್ಷಾ. “ಆ ಕಡೆ ಓಣಿಯ ಬೀಗದ ಕೈ ಕೊಡಿ.”

ಶ್ರೀರಕ್ಷಾ ಮತ್ತು ಅಶೋಕ ಮನೆಯ ಹಿಂದಿನ ಓಣಿಗೆ ಹೋದರು. ಹೈಮಾವತಮ್ಮ ಮಂಚದ ಮೇಲೆಯೇ ಕುಳಿತಿದ್ದರು. ಗೋಡೆಯಾಚೆ ಒಣಗಿದ ಎಲೆಗಳ ಮೇಲೆ ಹೆಜ್ಜೆ ಸದ್ದು. ಮಗನ ದನಿ: “ಇಲ್ಲಿ ನೋಡು ಶ್ರೀರಕ್ಷಾ, ತಗಡಿನ ಮೂಲೆ ಕಿತ್ತುಬಂದಿದೆ. ಗಾಳಿ ಒತ್ತಿದಾಗೆಲ್ಲ ಒಳಕ್ಕೆ ಉಬ್ಬುತ್ತೆ; ಎರಡು ಸಲ ಬೇಗ ಮುಚ್ಚಿಕೊಳ್ಳುತ್ತೆ, ಮೂರನೇ ಸಲ ತೆರೆದೇ ನಿಲ್ಲುತ್ತೆ.” ಶ್ರೀರಕ್ಷಾಳ ದನಿ: “ನಾನು ಅಂಗೈಯಲ್ಲಿ ಒತ್ತಿ ಹಿಡೀತೀನಿ ಸರ್.”

ಒಂದು ಗಿಡ್ಡ ಉಸಿರು ಬಂತು. ಇನ್ನೊಂದು ಗಿಡ್ಡ ಉಸಿರು ಬಂತು.

ನೀಳ ಉಸಿರು ಬರಲಿಲ್ಲ.

ಹೈಮಾವತಮ್ಮ ಕಾದರು. ಕೋಣೆ ಕಿವುಡಾದಂತಿತ್ತು. ಹಾರ ನೇರವಾಗಿ ಇಳಿಬಿದ್ದಿತ್ತು. ಊದುಬತ್ತಿಯ ಹೊಗೆ ತಿರುಗಿ ನೂಲಿನಂತೆ ನೆಟ್ಟಗಾಯಿತು. ಎರಡು ವರ್ಷದ ಹಿಂದೆ ಔಷಧಿಯ ಚೀಟಿ ಹಿಡಿದು ಓಡಿಬಂದಾಗ ಆಸ್ಪತ್ರೆಯ ಕೋಣೆಯಲ್ಲಿದ್ದ ಮೌನ ಇದೇ.

“ಬಿಡೇ!” ಅವರು ಗೋಡೆಗೆ ಕೂಗಿದರು. “ಕೈ ತೆಗಿಯೇ! ತೆಗಿ!”

ಆಚೆಯಿಂದ ಕೈ ಸರಿಯಿತು. ನೀಳ ಉಸಿರು ಬಂತು.

ಶ್ರೀರಕ್ಷಾ ಓಡಿ ಒಳಗೆ ಬಂದಳು. ಅವಳ ಮುಖ ಬಿಳಿಚಿತ್ತು. “ತಪ್ಪಾಯ್ತು ಅಜ್ಜಿ. ಹೇಳಿ ಮಾಡಬೇಕಾಗಿತ್ತು.”

ಹೈಮಾವತಮ್ಮ ಅವಳನ್ನು ಗದರಲಿಲ್ಲ. ಗೋಡೆಯ ಬಳಿಗೆ ಹೋಗಿದ್ದರು. ಫೋಟೊದ ಅಡಿಯಲ್ಲಿ, ಎರಡು ಪ್ಲೈವುಡ್ ಹಲಗೆಗಳ ಜೋಡಣೆ ಬಿಟ್ಟ ಕಡೆ, ಮೊದಲ ಸಲ ಅಂಗೈ ಹಿಡಿದರು. ಒಂದೂವರೆ ತಿಂಗಳು ನೋಡಿದ್ದರು, ಕೇಳಿದ್ದರು, ಆ ಉಸಿರಿಗೆ ಅಂಗೈ ಒಡ್ಡಿರಲಿಲ್ಲ. ಅಂಗೈಗೆ ಗಾಳಿ ಬಡಿಯಿತು. ಬಿಸಿ, ಜಿಗುಟು, ಧೂಳಿನ ವಾಸನೆ. ಬೆರಳ ತುದಿಯಲ್ಲಿ ಅದೇ ಮಸಿ. ತಾವು ದಿನಾ ಒರೆಸಿದ ಕಪ್ಪು ಗೆರೆ.

ಚಿತ್ರದುರ್ಗದಲ್ಲಿ ಗಾಳಿಗೇನು ಬರವೇ? ಆಷಾಢದಲ್ಲಿ ಅವರ ಮನೆಯ ಹೆಂಚು ಗಡಗಡ ಎನ್ನುತ್ತಿತ್ತು. ತಣ್ಣನೆಯ ಗಾಳಿ ಒಂದಿಷ್ಟು ಸೋಕಿದರೂ ಅಣ್ಣಪ್ಪನವರ ಎದೆ ಕಟ್ಟಿ, ಉಬ್ಬಸ ಏರುತ್ತಿತ್ತು. ಅದಕ್ಕಾಗಿ ಹೈಮಾವತಮ್ಮ ಹಳೆಯ ಸೀರೆಗಳನ್ನು ಬೆರಳಗಲ ಹರಿದು, ಬತ್ತಿಯಂತೆ ಹೊಸೆದು, ಕಿಟಕಿ ಬಾಗಿಲುಗಳ ಒಂದೊಂದು ಸಂದಿಗೂ ತುರುಕುತ್ತಿದ್ದರು. ಮೂವತ್ತೆಂಟು ಆಷಾಢ. “ಹೈಮಾ, ಇಲ್ಲೊಂದು ಸಂದಿದೆ ನೋಡೇ,” ಎಂದು ಅವರು ಮಲಗಿದಲ್ಲಿಂದಲೇ ಬೆರಳು ತೋರುತ್ತಿದ್ದರು.

ಹೈಮಾವತಮ್ಮ ಫೋಟೊದ ಕಡೆ ತಲೆಯೆತ್ತಿದರು.

“ಅಯ್ಯೋ,” ಎಂದರು, ತುಂಬ ಮೆಲ್ಲಗೆ. “ಈ ಗಾಳಿ ಅವರಿಗೆ ಆಗೋದೇ ಇಲ್ಲ ಕಣೇ. ಎರಡು ಕೈಯಲ್ಲೂ ಗಾಳಿ ತಡೆದು ಸಾಕಿದವರನ್ನ ತಂದು ನಾನೇ ಗಾಳಿಗೆ ನಿಲ್ಲಿಸಿಬಿಟ್ಟಿದ್ದೀನಲ್ಲೇ.”

ಫೋಟೊವನ್ನು ತಾವೇ ಇಳಿಸಿದರು. ಗಾಜಿನ ಮಂಜನ್ನು ಸೆರಗಿನಿಂದ ಒರೆಸಿ, ಮಂಚದ ಮೇಲೆ ದಿಂಬಿಗೆ ಒರಗಿಸಿದರು. ಆಮೇಲೆ ದನಿ ಬದಲಾಯಿತು.

“ಸುಲೋಚನಾ, ಟ್ರಂಕಿನಿಂದ ನನ್ನ ಹಳೇ ನೂಲಿನ ಸೀರೆ ತಾ. ಕತ್ತರಿ ಬೇಡ, ಕೈಯಲ್ಲೇ ಹರೀತೀನಿ. ಅಶೋಕ, ಸುಮ್ಮನೆ ನಿಂತೇನು ಮಾಡ್ತೀಯಾ? ಆ ತಗಡಿಗೆ ನಾಲ್ಕು ಮೊಳೆ ಹೊಡಿ ಹೋಗು. ಬ್ಯಾಂಕಿನವರಿಗೆ ಸುತ್ತಿಗೆ ಹಿಡಿಯೋಕೆ ಬರುತ್ತೋ ಇಲ್ವೋ?”

“ಬೆಣ್ಣೆ ಗೋಡೆಗೆ ಹೊಡೆದಿದ್ದೆನಲ್ಲಮ್ಮ,” ಎಂದ ಅಶೋಕ. ಆ ಮಾತು ಅವನಿಗೆ ಆಗ ನೆನಪಾಗಿತ್ತು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ನಗೆ ಕೇಳಿಸಿತು.

ಸಂಜೆಯವರೆಗೆ ಕೆಲಸ ನಡೆಯಿತು. ಪ್ಲೈವುಡ್ಡಿನ ಸಂದಿಗೆ ಸೀರೆಯ ಬತ್ತಿ, ಅದರ ಮೇಲೆ ಅಂಗಡಿಯಿಂದ ತಂದ, ಬಿರುಕು ಮುಚ್ಚುವ ಪುಟ್ಟಿ. ಎ.ಸಿ.ಯ ಸುತ್ತ ಥರ್ಮೋಕೋಲನ್ನು ಅಳತೆಗೆ ಕತ್ತರಿಸಿ ಕೂರಿಸಿ, ಅಂಚಿಗೆ ಅಗಲದ ಟೇಪು. ಕಿಟಕಿಯ ರೆಕ್ಕೆಗೆ ಅಂಟಿಸುವ ಸ್ಪಂಜಿನ ಪಟ್ಟಿ. ಬಾಗಿಲ ಕೆಳಗಿನ ಸಂದಿಗೆ ಹೈಮಾವತಮ್ಮ ಸೀರೆಯಂಚನ್ನು ಉದ್ದ ಚೀಲದಂತೆ ಹೊಲಿದು ಮರಳು ತುಂಬಿದರು. ಶ್ರೀರಕ್ಷಾ ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆದಳು, ಬಿಗಿಯಾಗಿ ನಿಂತಿತು. “ಇದು ಸರಿಯಿದೆ. ಕಾಗದ ಸಲೀಸಾಗಿ ಜಾರಿ ಬಂದಿದ್ರೆ ರಬ್ಬರ್ ಪಟ್ಟಿ ಬದಲಾಯಿಸಬೇಕಿತ್ತು,” ಎಂದಳು.

ಹೈಮಾವತಮ್ಮ ಉಳಿದ ಬತ್ತಿಗಳನ್ನು ಹಿಡಿದು ಅಡುಗೆಮನೆಯ ಕಡೆ ಹೊರಟರು.

“ಅಲ್ಲಿ ಬೇಡ ಅಜ್ಜಿ!” ಶ್ರೀರಕ್ಷಾ ಅಡ್ಡ ಬಂದಳು. “ಗ್ಯಾಸ್ ಒಲೆ ಇರೋ ಕಡೆ, ಗ್ಯಾಸ್ ಗೀಸರ್ ಇರೋ ಬಚ್ಚಲಲ್ಲಿ, ಗವಾಕ್ಷಿ ಮುಚ್ಚಲೇಬಾರದು. ಅಲ್ಲಿ ಗಾಳಿ ಆಡಬೇಕು, ಇಲ್ಲದಿದ್ರೆ ಜೀವಕ್ಕೆ ಅಪಾಯ. ಎ.ಸಿ. ಹಾಕೋ ಕೋಣೆಗೆ ಮಾತ್ರ ಈ ಬಿಗಿ. ಅಲ್ಲೂ ಬೆಳಿಗ್ಗೆ ಸಂಜೆ ಎ.ಸಿ. ಆರಿಸಿ ಕಿಟಕಿ ಪೂರಾ ತೆಗೀಬೇಕು.”

“ಅಂದ್ರೆ ಗಾಳಿ ನಾವು ಕರೆದಾಗ ಬರಬೇಕು. ಅದೇ ನುಗ್ಗಬಾರದು.”

“ಅಷ್ಟೇ ಅಜ್ಜಿ.”

ಮಾರನೆಯ ಮಧ್ಯಾಹ್ನ ಹೈಮಾವತಮ್ಮ ಒಬ್ಬರೇ ಕೋಣೆಯಲ್ಲಿ ಕುಳಿತರು. ಎರಡು ಗಂಟೆ ಹತ್ತು ನಿಮಿಷವಾಯಿತು. ಹೊರಗೆ ತೆಂಗಿನ ಗರಿಗಳು ಒಂದಕ್ಕೊಂದು ತಾಗಿದವು, ಗಾಳಿ ಬಂದಿತ್ತು. ಗೋಡೆ ಸುಮ್ಮನಿತ್ತು. ಎರಡೂಕಾಲು. ಎರಡೂವರೆ. ಆಗ ಟಕ್ ಎಂದು ಒಂದು ಸದ್ದಾಯಿತು. ಹೈಮಾವತಮ್ಮ ಬೆಚ್ಚಿಬಿದ್ದರು. ಕೋಣೆ ಬೇಕಾದಷ್ಟು ತಣ್ಣಗಾಗಿ, ಎ.ಸಿ.ಯ ಕಂಪ್ರೆಸರ್ ತಾನೇ ತಾನಾಗಿ ನಿಂತಿತ್ತು. ಆ ಬೇಸಿಗೆಯಲ್ಲಿ ಅದು ಹಾಗೆ ವಿಶ್ರಾಂತಿ ಪಡೆದದ್ದು ಅದೇ ಮೊದಲು. ಉಳಿದ ಮೌನದಲ್ಲಿ ಅವರಿಗೆ ಒಂದು ಉಸಿರು ಕೇಳಿಸಿತು. ಕಿವಿಗೊಟ್ಟರು. ಅದು ಅವರದೇ. ಆ ಕೋಣೆಯಲ್ಲಿ ಉಸಿರಾಡುತ್ತಿದ್ದವರು ಅವರೊಬ್ಬರೇ. ಸ್ವಲ್ಪ ಹೊತ್ತು ಅತ್ತರು. ಆಮೇಲೆ, ಒಂದೂವರೆ ತಿಂಗಳಲ್ಲಿ ಮೊದಲ ಬಾರಿಗೆ, ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದರು.

ಮುಂದಿನ ಸಲ ಮೀಟರ್ ರೀಡರ್ ಬಂದಾಗ ಚಕ್ರ ಸಾವಧಾನವಾಗಿ ತಿರುಗುತ್ತಿತ್ತು. ಮುನ್ನೂರ ಹತ್ತು ಯೂನಿಟ್ಟು. ಅದೇ ಎ.ಸಿ., ಅದೇ ಸೆಕೆ, ಅದೇ ಮೂರು ಜನ. ರಾಜ್ಯಲಕ್ಷ್ಮಿಯವರು ಮೇಸ್ತ್ರಿಯನ್ನು ಕರೆಸಿ ಆ ಬಾಗಿಲಿನ ಜಾಗಕ್ಕೆ ಇಟ್ಟಿಗೆ ಕಟ್ಟಿಸಿದರು. ಬೂದುಗುಂಬಳಕಾಯಿಯನ್ನೂ ಕಟ್ಟಿಸಿದರು. “ಎರಡೂ ಇರಲಿ ಬಿಡಿಯಂಡಿ,” ಎಂದರು.

ಜೂನ್ ಕೊನೆಯಲ್ಲಿ ಸಂಸಾರ ವಿಜಯವಾಡಕ್ಕೆ ಬಂತು. ಪಟಮಟದ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ್ದಾಯಿತು. ಸಾಮಾನಿನ ಪೆಟ್ಟಿಗೆಗಳು ಇನ್ನೂ ಬಿಚ್ಚಿರಲಿಲ್ಲ. ಹೈಮಾವತಮ್ಮ ಕಿಟಕಿ ಬಾಗಿಲು ಮುಚ್ಚಿಸಿ, ಫ್ಯಾನು ಆರಿಸಿ, ಉರಿಯುವ ಊದುಬತ್ತಿ ಹಿಡಿದು, ದಕ್ಷಿಣದ ಗೋಡೆಯ ಉದ್ದಕ್ಕೂ ಹೆಜ್ಜೆ ಹೆಜ್ಜೆಯಾಗಿ ನಡೆದರು. ಮೇಲಿನಿಂದ ಕೆಳಕ್ಕೆ, ಮೂಲೆಯಿಂದ ಮೂಲೆಗೆ. ಗೋಡೆಯನ್ನು ಗೆಣ್ಣಿನಿಂದ ತಟ್ಟಿದರು. ಪಕ್ಕದ ಮನೆಯಾಕೆ ಇಣುಕಿ, ಇದು ಯಾವ ಪೂಜೆಯೆಂದು ತೆಲುಗಿನಲ್ಲಿ ಕೇಳಿದಳು.

“ಗಾಳಿ ಪೂಜೆ,” ಎಂದರು ಹೈಮಾವತಮ್ಮ. “ಒಳಗೆ ಬಾ, ನಿನಗೂ ಹೇಳಿಕೊಡ್ತೀನಿ.”

ಕಿಟಕಿಯ ಮೂಲೆಯಲ್ಲಿ ಹೊಗೆ ಒಂದಿಷ್ಟು ಬಾಗಿತು. ಅವರು ಸೊಂಟದಿಂದ ಸೀರೆಯ ಬತ್ತಿ ತೆಗೆದು ಅಲ್ಲಿಗೆ ತುರುಕಿ, ಮತ್ತೆ ಹಿಡಿದು ನೋಡಿದರು. ಹೊಗೆ ನೆಟ್ಟಗಾಯಿತು. ಆಮೇಲೆಯೇ ಅಶೋಕನ ಕೈಗೆ ಫೋಟೊ ಕೊಟ್ಟರು. ಈ ಗೋಡೆಗೆ ಮೊಳೆ ಇಳಿಯಲು ಏಳು ಪೆಟ್ಟು ಬೇಕಾಯಿತು. ಹಾರ ಅಲುಗಲಿಲ್ಲ.

“ಇಲ್ಲಿ ಗಾಳಿಯಿಲ್ಲ,” ಎಂದು ಹೈಮಾವತಮ್ಮ ಗಾಜಿನ ಹತ್ತಿರ ಬಾಗಿ ಹೇಳಿದರು. “ಮಲಗಿ.”

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯ ಎ.ಸಿ. ನಿಲ್ಲದೆ ಓಡುತ್ತಿದೆಯೇ? ಪರದೆ ತಾನಾಗಿಯೇ ಅಲುಗುತ್ತದೆಯೇ? ಬಾಗಿಲ ಚೌಕಟ್ಟಿನ ಅಂಚಿನಲ್ಲಿ, ಕಿಟಕಿಯ ಮೂಲೆಯಲ್ಲಿ, ಒರೆಸಿದಷ್ಟೂ ಮೂಡುವ ಕಪ್ಪು ಗೆರೆಯಿದೆಯೇ? ಗಾಳಿ ಬೀಸುವ ಹೊತ್ತಿನಲ್ಲಿ ಬಾಗಿಲು ಕಿಟಕಿ ಮುಚ್ಚಿ, ಫ್ಯಾನು ಮತ್ತು ಎ.ಸಿ. ಆರಿಸಿ, ಒಂದು ಊದುಬತ್ತಿ ಹಚ್ಚಿ. ಪರದೆ, ಬಟ್ಟೆಗಳಿಂದ ದೂರ ಹಿಡಿದು ಕೋಣೆಯನ್ನು ನಿಧಾನವಾಗಿ ಒಂದು ಸುತ್ತು ಬನ್ನಿ. ಹೊಗೆ ಬಾಗಿದ ಕಡೆ ಸಂದಿದೆ. ಪುಟ್ಟಿಯಿಂದಲೋ ಪಟ್ಟಿಯಿಂದಲೋ, ಏನೂ ಇಲ್ಲದಿದ್ದರೆ ಹಳೆಯ ಸೀರೆಯ ಬತ್ತಿಯಿಂದಲೋ ಅದನ್ನು ಮುಚ್ಚಿ. ಅಡುಗೆಮನೆಯ ಮತ್ತು ಬಚ್ಚಲಿನ ಗವಾಕ್ಷಿಗಳನ್ನು ಮಾತ್ರ ಎಂದಿಗೂ ಮುಚ್ಚಬೇಡಿ. ಮುಚ್ಚಿದ ಮೇಲೆ ಹತ್ತು ನಿಮಿಷ ಸುಮ್ಮನೆ ಕುಳಿತು ಕಿವಿಗೊಡಿ. ನಿಮ್ಮ ಮನೆಯಲ್ಲಿ ಉಸಿರಾಡುವವರು ನೀವು ಮಾತ್ರವೇ ಆಗಿರಲಿ.